ಕೊಡಗಿನಿಂದ ಡಾ ನಾಂಗ್‌ಗೆ: ವಿಯೆಟ್ನಾಂನ ಕಡಲತೀರದ ಊರಿನಲ್ಲಿ ಸ್ವಯಂಸೇವೆ ಮಾಡಲು ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ವಿದೇಶದಲ್ಲಿ ಸ್ವಯಂಸೇವೆ ಎಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಟಿಕೆಟ್ ದರ ನೋಡುತ್ತಾರೆ, ಆಮೇಲೆ ಕೆಲಸ ಹುಡುಕುತ್ತಾರೆ. ಕ್ರಮ ತಿರುಗಬೇಕು. ಅಲ್ಲಿ ನಿಮ್ಮಿಂದ ಉಪಯೋಗವಾಗುತ್ತದೋ, ನೀವೇ ಅವರಿಗೆ ಹೊರೆಯಾಗುತ್ತೀರೋ ಎಂಬುದು ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಕೂತು ಮಾಡುವ ತಯಾರಿಯಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಈ ಬರಹಕ್ಕೆ ಮಧ್ಯ ವಿಯೆಟ್ನಾಂನ ಕಡಲತೀರದ ಊರು ಡಾ ನಾಂಗ್ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದು ಕಾಫಿ, ಕರಿಮೆಣಸು, ಅಕ್ಕಿ, ಹಂದಿಮಾಂಸದ ದೇಶ. ಅಲ್ಲಿನ ದಿನಚರಿ ಕೊಡಗಿನವರಿಗೆ ತೀರಾ ಅಪರಿಚಿತವಲ್ಲ. ಊರು ದೊಡ್ಡದಾದರೂ ಗಲಿಬಿಲಿ ಕಡಿಮೆ. 30 ಕಿಲೋಮೀಟರ್ ದೂರದ ಹಳೇ ಬಂದರು ಪೇಟೆ ಹೋಯ್ ಆನ್ ಕೂಡ 2025ರ ಜುಲೈ 1ರಿಂದ ಆಡಳಿತದ ಲೆಕ್ಕದಲ್ಲಿ ಡಾ ನಾಂಗ್ ನಗರಕ್ಕೇ ಸೇರಿದೆ.

ಹಂತ 1: ತಿಂಗಳು ಗೊತ್ತುಮಾಡಿ

ನಮ್ಮ ಮಳೆಗಾಲಕ್ಕೂ ಅವರ ಮಳೆಗಾಲಕ್ಕೂ ತಾಳೆಯಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದರೆ ಡಾ ನಾಂಗ್‌ನಲ್ಲಿ ಸುರಿಯುವುದು ಸೆಪ್ಟೆಂಬರ್‌ನಿಂದ ಡಿಸೆಂಬರ್. ಅಕ್ಟೋಬರ್, ನವೆಂಬರ್‌ನಲ್ಲಿ ಚಂಡಮಾರುತ ಬರುತ್ತದೆ, ಹೋಯ್ ಆನ್‌ನ ಬೀದಿಗಳಿಗೆ ಥು ಬೋನ್ ನದಿ ಏರುತ್ತದೆ. ಆ ಎರಡು ತಿಂಗಳು ಬಿಟ್ಟುಬಿಡಿ. ಹೇಗೂ ಕಾವೇರಿ ಸಂಕ್ರಮಣ, ಪುತ್ತರಿ, ಅರೇಬಿಕಾ ಕೊಯ್ಲು ಎಂದು ತೋಟದವರಿಗೆ ಆಗ ಬಿಡುವೂ ಇರುವುದಿಲ್ಲ.

ರೊಬಸ್ಟಾ ಕೊಯ್ಲು ಮುಗಿದು, ಹೂಮಳೆ ಮತ್ತು ಹಿಂಬಾಲಿಸುವ ಮಳೆಯ ಗಡಿಬಿಡಿ ಇಳಿದ ಮೇಲೆ, ಏಪ್ರಿಲ್ ನಡುವಿನಿಂದ ಮೇ ಕೊನೆವರೆಗೆ ಒಂದು ಅವಕಾಶ. ಜೂನ್ ನಡುವಿನಿಂದ ಆಗಸ್ಟ್ ಕೊನೆವರೆಗೆ ಇನ್ನೊಂದು. ಎರಡನೆಯದರಲ್ಲಿ ಹೋದವರು ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ವಾಪಸ್ ಬಂದಿರಬಹುದು. ಕೊಡವ ಮಾಸ ಕಕ್ಕಡದ 18ರ ಮದ್ದುಸೊಪ್ಪಿನ ಪಾಯಸ ಮಾತ್ರ ತಪ್ಪುತ್ತದೆ, ಅದಕ್ಕೆ ಉಪಾಯವಿಲ್ಲ.

ಈ ಎರಡು ಅವಧಿಯಲ್ಲಿ ಸಿಗುವ ಕೆಲಸಗಳೂ ಬೇರೆ ಬೇರೆ. ವಿಯೆಟ್ನಾಂನ ಶಾಲೆಗಳು ಸೆಪ್ಟೆಂಬರ್ ಆರಂಭದಿಂದ ಮೇ ಕೊನೆವರೆಗೆ ನಡೆಯುತ್ತವೆ. ಶಾಲೆಯ ಜೊತೆ ಸೇರಿದ ಕೆಲಸ ಬೇಕಿದ್ದರೆ ಏಪ್ರಿಲ್–ಮೇ. ಬೇಸಿಗೆ ಶಿಬಿರ, ಕಡಲತೀರದ ಕೆಲಸ, ಕಾಡಿನ ಕೆಲಸಕ್ಕೆ ಜೂನ್–ಆಗಸ್ಟ್. ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುವ ಅವರ ಹೊಸವರ್ಷ ‘ತೆತ್’ ಸಮಯದಲ್ಲಿ ಕಚೇರಿ, ಅಂಗಡಿ, ಸಂಸ್ಥೆ ಎಲ್ಲ ಮುಚ್ಚಿರುತ್ತವೆ. ಆಗ ಸ್ವಯಂಸೇವಕರನ್ನು ವಿಚಾರಿಸುವವರೇ ಇರುವುದಿಲ್ಲ.

ಎಷ್ಟು ದಿನ? ನಾಲ್ಕು ವಾರಕ್ಕಿಂತ ಕಡಿಮೆಯಾದರೆ ಕೆಲಸ ಕಲಿಯುವಷ್ಟರಲ್ಲಿ ಹೊರಡುವ ದಿನ ಬರುತ್ತದೆ. ಆರರಿಂದ ಎಂಟು ವಾರ ಸರಿಯಾದ ಅಳತೆ.

ಹಂತ 2: ಕೆಲಸ ಆರಿಸಿ, ಅಥವಾ ಬೇಡವೆನ್ನಿ

2018ರ ಆಗಸ್ಟ್‌ನ ಭೂಕುಸಿತದ ನಂತರ ಕೊಡಗಿಗೆ ಲಾರಿಗಟ್ಟಲೆ ಸಾಮಗ್ರಿ ಬಂತು, ಜನರೂ ಬಂದರು. ಕೇಳಿ ತಂದದ್ದಕ್ಕೂ ಕೇಳದೇ ತಂದದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಆಗ ಪರಿಹಾರ ಕೇಂದ್ರಗಳಲ್ಲಿ ದುಡಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಡಾ ನಾಂಗ್‌ಗೆ ಹೋಗುವಾಗ ನಾವು ಆ ಲಾರಿಯ ಜಾಗದಲ್ಲಿ ಇರುತ್ತೇವೆ.

ಮೊದಲು ಬೇಡದ್ದು. ಅನಾಥಾಲಯದಲ್ಲಿ ಎರಡು ವಾರ ‘ಮಕ್ಕಳ ಜೊತೆ ಆಟ’ ಎಂಬ ಕಾರ್ಯಕ್ರಮಗಳಿಂದ ದೂರವಿರಿ. ಪ್ರತಿ ತಿಂಗಳು ಹೊಸ ಮುಖ ಬಂದು ಅಪ್ಪಿ ಮುದ್ದಾಡಿ ಹೋದರೆ ಮಗುವಿನ ನಂಬಿಕೆ ಮತ್ತೆ ಮತ್ತೆ ಮುರಿಯುತ್ತದೆ. ವಿದೇಶಿ ಹಣದ ಆಸೆಗೆ, ತಂದೆತಾಯಿ ಇರುವ ಮಕ್ಕಳನ್ನೂ ಅನಾಥಾಲಯಕ್ಕೆ ತುಂಬಿದ ಪ್ರಕರಣಗಳು ಹಲವು ದೇಶಗಳಲ್ಲಿ ಬಯಲಾಗಿವೆ. ನಿಮ್ಮ ಪೊಲೀಸ್ ಪರಿಶೀಲನಾ ಪತ್ರವನ್ನೇ ಕೇಳದೆ ಮಕ್ಕಳ ನಡುವೆ ಬಿಡುವ ಸಂಸ್ಥೆ ಇನ್ಯಾರನ್ನೆಲ್ಲ ಬಿಟ್ಟಿರಬಹುದು ಎಂದು ಯೋಚಿಸಿ.

ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಆಹ್ವಾನ ಬಹಳ ಬರುತ್ತದೆ. ಇಲ್ಲಿ ಕಾನೂನಿನ ತೊಡಕಿದೆ. ವಿಯೆಟ್ನಾಂನ ಕಾರ್ಮಿಕ ನಿಯಮಗಳು ಸ್ವಯಂಸೇವಕರನ್ನೂ ವಿದೇಶಿ ಕೆಲಸಗಾರರ ಪಟ್ಟಿಯಲ್ಲೇ ಇಟ್ಟಿವೆ. ‘ಸಂಬಳ ತಗೊಳ್ಳಲ್ಲವಲ್ಲ, ಪ್ರವಾಸಿ ವೀಸಾದಲ್ಲಿ ನಡೆಯುತ್ತದೆ’ ಎಂಬ ಮಾತು ಮಧ್ಯವರ್ತಿಗಳದ್ದು, ಕಾನೂನಿನದ್ದಲ್ಲ. ತರಗತಿಯಲ್ಲಿ ನಿಂತು ಪಾಠ ಮಾಡಲು ಪದವಿ, ಬೋಧನಾ ಪ್ರಮಾಣಪತ್ರ, ಕೆಲಸದ ಪರವಾನಗಿ ಅಥವಾ ಅದರಿಂದ ವಿನಾಯಿತಿಯ ಪತ್ರ ಬೇಕು. ಆ ಪತ್ರ ಮಾಡಿಸಬೇಕಾದದ್ದು ಕರೆಸಿಕೊಳ್ಳುವ ಸಂಸ್ಥೆ. ಆದರೆ ಸಿಕ್ಕಿಬಿದ್ದರೆ ದಂಡ ಕಟ್ಟಿ ದೇಶ ಬಿಡಬೇಕಾದವರು ನೀವು.

ಹಾಗಾದರೆ ಯಾವ ಕೆಲಸ? ಊರಿನ ಈಶಾನ್ಯಕ್ಕೆ ಕಡಲೊಳಗೆ ಚಾಚಿದ ಸೊನ್ ಚಾ ಪರ್ಯಾಯ ದ್ವೀಪದಲ್ಲಿ ಕೆಂಪುಕಾಲಿನ ಡೂಕ್ ಲಂಗೂರ್ ಎಂಬ ಅಳಿವಿನಂಚಿನ ಕೋತಿಗಳಿವೆ. ಗ್ರೀನ್‌ವಿಯೆತ್ ಎಂಬ ಸ್ಥಳೀಯ ಸಂಸ್ಥೆ ಬಹುಕಾಲದಿಂದ ಅವುಗಳ ಸಂರಕ್ಷಣೆಯಲ್ಲಿದೆ. ಇಂಥ ಕಡೆ ಕ್ಷೇತ್ರದ ಟಿಪ್ಪಣಿ, ಫೋಟೊ ವಿಂಗಡಣೆ, ಶಾಲಾ ಮಕ್ಕಳಿಗೆ ಕಾಡು ತೋರಿಸುವ ನಡಿಗೆಗಳಿಗೆ ನೆರವು ಎಂಬಂಥ ಕೆಲಸ ಇದೆಯೇ ಎಂದು ಕೇಳಬಹುದು. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆಯಿಂದ ಬಂದವರಿಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ಇನ್ನೊಂದು, ಹೃದಯ ಗಟ್ಟಿಯಿದ್ದವರಿಗೆ. ಯುದ್ಧಕಾಲದಲ್ಲಿ ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಎಲೆನಾಶಕವನ್ನು ಡಾ ನಾಂಗ್ ವಾಯುನೆಲೆಯಲ್ಲಿ ಶೇಖರಿಸುತ್ತಿದ್ದರು. ಅದರಲ್ಲಿದ್ದ ಡಯಾಕ್ಸಿನ್ ಎಂಬ ವಿಷ ಸೇರಿದ ಅಲ್ಲಿನ ಮಣ್ಣು ಶುದ್ಧ ಮಾಡುವ ಕೆಲಸ 2012ರಲ್ಲಿ ಶುರುವಾಗಿ 2018ರಲ್ಲಿ ಮುಗಿಯಿತು. ಅಂಗವೈಕಲ್ಯದೊಂದಿಗೆ ಬದುಕುತ್ತಿರುವ ಸಂತ್ರಸ್ತರಿಗೆ ಹಗಲು ಆರೈಕೆ ಕೇಂದ್ರಗಳಿವೆ. ಕಾಸರಗೋಡು, ದಕ್ಷಿಣ ಕನ್ನಡದ ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳನ್ನು ಕಂಡವರಿಗೆ ಆ ಕೇಂದ್ರಗಳ ಒಳಗಿನ ದಿನ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಫಿಸಿಯೊಥೆರಪಿ, ನರ್ಸಿಂಗ್, ವಿಶೇಷ ಶಿಕ್ಷಣ ಓದಿದವರಿಗೆ ಇಲ್ಲಿ ನಿಜವಾದ ಕೆಲಸವಿದೆ. ಉಳಿದವರು ಅಡುಗೆಮನೆ, ಕೈಕಸುಬು, ಲೆಕ್ಕಪತ್ರದಲ್ಲಿ ಸಹಾಯಕ್ಕೆ ಬರುತ್ತೀರಾದರೆ ಮಾತ್ರ ಬರೆಯಿರಿ. ನೋಡಿ ಮರುಗಲು ಹೋಗುವ ಜಾಗ ಅದಲ್ಲ.

ಹೋಂಸ್ಟೇ ನಡೆಸಿದ ಅನುಭವವಿದ್ದರೆ ಅದನ್ನು ಕಡೆಗಣಿಸಬೇಡಿ. ಅತಿಥಿ ಸತ್ಕಾರ ಕಲಿಯುತ್ತಿರುವ ಬಡ ಯುವಕರಿಗೆ ಬುಕಿಂಗ್ ಉತ್ತರಿಸುವುದು, ದೂರು ನಿಭಾಯಿಸುವುದು, ಕೋಣೆಯ ಲೆಕ್ಕ ಇಡುವುದನ್ನು ಮಾಡಿ ತೋರಿಸಬಲ್ಲವರು ಕೊಡಗಿನಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ.

ಹಂತ 3: ಸಂಸ್ಥೆಗೆ ಬರೆಯಿರಿ, ನಾಲ್ಕು ತಿಂಗಳು ಮೊದಲೇ

ಪತ್ರ ಒಂದು ಪುಟ ದಾಟಬಾರದು. ‘ನನಗೆ ಸೇವೆ ಮಾಡುವ ಆಸೆ’ ಎಂದು ಶುರುಮಾಡುವ ಪತ್ರಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ನಿಮಗೆ ಮಾಡಲು ಬರುವ ಎರಡು ಕೆಲಸ, ಬರುವ ಮತ್ತು ಹೊರಡುವ ದಿನಾಂಕ, ದಿನಕ್ಕೆ ಎಷ್ಟು ಗಂಟೆ, ಯಾವ ಭಾಷೆ, ಖರ್ಚು ನೀವೇ ನೋಡಿಕೊಳ್ಳುತ್ತೀರೋ ಇಲ್ಲವೋ, ಇಷ್ಟು ಸಾಕು. ಇಂಗ್ಲಿಷಿನಲ್ಲಿ ಬರೆದು ಕೆಳಗೆ ವಿಯೆಟ್ನಾಮೀಸ್ ಯಂತ್ರಾನುವಾದವನ್ನೂ ಹಾಕಿ. ಸಣ್ಣ ಸಂಸ್ಥೆಗಳಲ್ಲಿ ಇಂಗ್ಲಿಷ್ ಬಲ್ಲವರು ಒಬ್ಬರೇ ಇರಬಹುದು. ಹತ್ತು ದಿನ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ. ಅವರ ಫೇಸ್‌ಬುಕ್ ಪುಟದ ಮೂಲಕ, ಅಥವಾ ವಾಟ್ಸಾಪ್‌ಗೆ ಬದಲು ಅಲ್ಲಿನವರು ದಿನವಿಡೀ ಬಳಸುವ ಝಾಲೊ ಆ್ಯಪ್‌ನಲ್ಲಿ, ಉತ್ತರ ಬೇಗ ಬರುತ್ತದೆ.

ಉತ್ತರ ಬಂದ ಮೇಲೆ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರಹದಲ್ಲೇ ಇರಲಿ:

– ಸಂಸ್ಥೆ ವಿಯೆಟ್ನಾಂನಲ್ಲಿ ನೋಂದಣಿಯಾಗಿದೆಯೇ, ಯಾವ ಹೆಸರಿನಲ್ಲಿ?
– ಈ ಕೆಲಸಕ್ಕೆ ಯಾವ ವೀಸಾ? ಪರವಾನಗಿ ಬೇಕಿದ್ದರೆ ಅರ್ಜಿ ಹಾಕುವವರು ಯಾರು?
– ಶುಲ್ಕವಿದ್ದರೆ ವಸತಿಗೆಷ್ಟು, ಊಟಕ್ಕೆಷ್ಟು, ಕಚೇರಿಗೆಷ್ಟು?
– ನಾನು ಬಾರದಿದ್ದರೆ ಈ ಕೆಲಸ ಯಾರು ಮಾಡುತ್ತಿದ್ದರು?

ಕೊನೆಯ ಪ್ರಶ್ನೆಗೆ ‘ಸಂಬಳ ಕೊಟ್ಟು ಸ್ಥಳೀಯರನ್ನು ಇಟ್ಟುಕೊಳ್ಳುತ್ತಿದ್ದೆವು’ ಎಂಬ ಉತ್ತರ ಬಂದರೆ ಹೋಗಬೇಡಿ, ಒಬ್ಬರ ಅನ್ನ ಕಿತ್ತಂತಾಗುತ್ತದೆ. ಹಣವನ್ನು ವ್ಯಕ್ತಿಯ ಖಾತೆಗೆ ಹಾಕಿ ಎಂದರೆ, ಪಾಸ್‌ಪೋರ್ಟ್ ನಮ್ಮ ಬಳಿ ಇರಲಿ ಎಂದರೆ, ಅಲ್ಲಿಗೆ ಮಾತು ನಿಲ್ಲಿಸಿ.

ಹಂತ 4: ಪಾಸ್‌ಪೋರ್ಟ್, ವೀಸಾ ಮತ್ತು ಮನೆತನದ ಹೆಸರಿನ ತಕರಾರು

ಪಾಸ್‌ಪೋರ್ಟ್‌ಗೆ ಆನ್‌ಲೈನ್ ಅರ್ಜಿ ಹಾಕಿ ಮೈಸೂರು ಅಥವಾ ಮಂಗಳೂರಿನ ಕೇಂದ್ರದಲ್ಲಿ ಸಮಯ ಪಡೆಯಬಹುದು. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಮಕ್ಕಳ ಅಥವಾ ಆರೈಕೆಯ ಕೆಲಸವಿದ್ದರೆ ಅದೇ ಜಾಲತಾಣದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ. ಪಾಸ್‌ಪೋರ್ಟ್‌ಗೆ ಊರಿಗೆ ಮರಳುವ ದಿನದಾಚೆಗೂ ಆರು ತಿಂಗಳ ಸಿಂಧುತ್ವ ಉಳಿದಿರಬೇಕು.

ಕೊಡಗಿನವರು ಎಡವುವುದು ಹೆಸರಿನಲ್ಲಿ. ಮನೆತನದ ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ತನ್ನ ಹೆಸರು ಎಂಬ ರೂಢಿ ನಮ್ಮದು. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ಮದುವೆಯ ನಂತರ ಗಂಡನ ಮನೆತನ, ಹೀಗೆ ಒಬ್ಬರಿಗೇ ಮೂರು ಬಗೆ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದಾಗ ಮನೆತನದ ಹೆಸರು ಉಪನಾಮದ ಜಾಗಕ್ಕೆ ಹೋಗಿದೆಯೋ, ಕೊಟ್ಟ ಹೆಸರಿನ ಜಾಗಕ್ಕೋ ನೋಡಿಕೊಳ್ಳಿ. ವೀಸಾ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನ ಫೋಟೊ ಪುಟದ ಅಡಿಯಲ್ಲಿ ಬಾಣದ ಗುರುತುಗಳ ನಡುವೆ ಅಚ್ಚಾಗಿರುವ ಎರಡು ಸಾಲಿನ ಪ್ರಕಾರವೇ ಹೆಸರು ತುಂಬಬೇಕು. ಒಂದಕ್ಷರ ತಪ್ಪಿದರೂ ಬೆಂಗಳೂರಿನ ಚೆಕ್‌ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ವಿಮಾನದ ಟಿಕೆಟ್‌ಗೂ ಅದೇ ಹೆಸರು.

ಭಾರತೀಯರಿಗೆ ವಿಯೆಟ್ನಾಂ ಇ-ವೀಸಾ 90 ದಿನದವರೆಗೆ ಸಿಗುತ್ತದೆ. ಈ ಅವಧಿ 2023ರ ಆಗಸ್ಟ್ 15ರಿಂದ ಜಾರಿಯಲ್ಲಿದೆ. ಒಂದು ಬಾರಿ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50. ಶುಲ್ಕ ಕಟ್ಟಿದ ಮೇಲೆ ಅರ್ಜಿ ತಿರಸ್ಕಾರವಾದರೂ ಹಣ ಬರುವುದಿಲ್ಲ. ಸರ್ಕಾರಿ ಜಾಲತಾಣದ ವಿಳಾಸ ‘ಡಾಟ್ ಗೌ ಡಾಟ್ ವಿಎನ್’ ಎಂದು ಮುಗಿಯುತ್ತದೆ. ಹುಡುಕಿದಾಗ ಮೇಲೆ ಕಾಣುವ ಹಲವು ತಾಣಗಳು ಏಜೆಂಟರವು, ಎರಡು ಮೂರು ಪಟ್ಟು ಕೀಳುತ್ತವೆ. ಪ್ರವೇಶದ್ವಾರ ಎಂಬಲ್ಲಿ ನೀವು ನಿಜವಾಗಿ ಇಳಿಯುವ ಮೊದಲ ವಿಮಾನ ನಿಲ್ದಾಣವನ್ನು ಆರಿಸಿ. ಹೊ ಚಿ ಮಿನ್ ನಗರದಲ್ಲಿ ವಿಮಾನ ಬದಲಿಸುವವರಿಗೆ ಇಮಿಗ್ರೇಶನ್ ಅಲ್ಲೇ ಆಗುತ್ತದೆ, ಡಾ ನಾಂಗ್‌ನಲ್ಲಲ್ಲ. ಕೆಲವೇ ದಿನದಲ್ಲಿ ಬರುತ್ತದೆ ಎನ್ನುತ್ತಾರೆ. ಮೂರು ವಾರ ಮೊದಲು ಹಾಕಿ. ಇದು ಪ್ರವಾಸದ ವೀಸಾ, ಕೆಲಸದ ಅನುಮತಿಯಲ್ಲ.

ಹಂತ 5: ದುಡ್ಡು

ಅಲ್ಲಿನ ಹಣ ಡಾಂಗ್. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ ಪೇಟೆಯಲ್ಲಿ ಲೆಕ್ಕ ತಪ್ಪುವುದಿಲ್ಲ. ಬೀದಿಯಲ್ಲಿ ಒಂದು ಬಾನ್ ಮೀ ರೊಟ್ಟಿ 20ರಿಂದ 30 ಸಾವಿರ ಡಾಂಗ್, ಡಾ ನಾಂಗ್‌ನ ಹೆಮ್ಮೆಯ ಮೀ ಕ್ವಾಂಗ್ ನೂಡಲ್ಸ್ ಒಂದು ಬಟ್ಟಲು 35ರಿಂದ 50 ಸಾವಿರ. ರೂಪಾಯಿ ನೋಟು ಅಲ್ಲಿ ಬದಲಾಗುವುದು ಕಷ್ಟ. ಮಡಚಿನ ಗೆರೆಯಿಲ್ಲದ ಹೊಸ ಡಾಲರ್ ನೋಟು, ಜೊತೆಗೆ ವಿದೇಶಿ ಹಣ ತುಂಬಿಸಿದ ಒಂದು ಫಾರೆಕ್ಸ್ ಕಾರ್ಡ್ ಇರಲಿ. 5,000 ಡಾಲರ್‌ಗಿಂತ ಹೆಚ್ಚು ನಗದಿದ್ದರೆ ಅಲ್ಲಿನ ಕಸ್ಟಮ್ಸ್‌ಗೆ ಹೇಳಬೇಕು.

20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ರಾತ್ರಿ ಟ್ಯಾಕ್ಸಿಯೊಳಗೆ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ 25 ಪಟ್ಟು. 5 ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಅರೆಯಲ್ಲೇ ಇಡಿ.

ಹಂತ 6: ಮೈ, ವಿಮೆ, ಬೈಕು

ಹೊರಡುವ ಆರೆಂಟು ವಾರ ಮೊದಲು ವೈದ್ಯರನ್ನು ಕಾಣಿ. ಟೆಟನಸ್, ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ, ಪ್ರಾಣಿಗಳ ನಡುವೆ ಕೆಲಸವಿದ್ದರೆ ರೇಬಿಸ್ ಮುಂಜಾಗ್ರತಾ ಲಸಿಕೆ ಬಗ್ಗೆ ಕೇಳಿ. ಡೆಂಗಿ ಅಲ್ಲಿಯೂ ಇದೆ. ದಿನನಿತ್ಯದ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿ ಸಮೇತ ಒಯ್ಯಿರಿ.

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಎತ್ತರದಲ್ಲಿದೆ. ಜೂನ್‌ನಲ್ಲಿ ಸ್ವೆಟರ್ ಹಾಕಿಕೊಂಡು ಹೊರಟವರು ಒಂದೆರಡು ದಿನದಲ್ಲೇ 35 ಡಿಗ್ರಿ ಬಿಸಿಲಿಗೂ ಉಪ್ಪುಗಾಳಿಯ ಸೆಖೆಗೂ ಇಳಿಯುತ್ತಾರೆ. ಮೈ ಅದಕ್ಕೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಅಷ್ಟು ದಿನ ಹನ್ನೊಂದರಿಂದ ಮೂರರವರೆಗೆ ಹೊರಗಿನ ಕೆಲಸ ಬೇಡ, ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿರಲಿ. ಅಲ್ಲಿನವರೂ ಮಧ್ಯಾಹ್ನ ಅಂಗಡಿ ಅರ್ಧ ಮುಚ್ಚಿ ಮಲಗುತ್ತಾರೆ.

ಬೈಕಿನ ವಿಷಯವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಭಾರತ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ ಮಾದರಿಯದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಮಾದರಿಯನ್ನು. ಹಾಗಾಗಿ ಆರ್‌ಟಿಒದಲ್ಲಿ ಶುಲ್ಕ ಕಟ್ಟಿ ತಂದ ಪುಸ್ತಕಕ್ಕೆ ಅಲ್ಲಿ ಬೆಲೆಯಿಲ್ಲ. ಬಾಡಿಗೆ ಅಂಗಡಿಯವನು ಏನೂ ಕೇಳದೆ ಸ್ಕೂಟರ್ ಕೊಡುತ್ತಾನೆ, ಅದು ಬೇರೆ ಮಾತು. ಅಪಘಾತವಾದಾಗ ವಿಮಾ ಕಂಪನಿ ಮೊದಲು ಕೇಳುವುದೇ ಪರವಾನಗಿ, ಅದಿಲ್ಲದಿದ್ದರೆ ಆಸ್ಪತ್ರೆಯ ಬಿಲ್ಲು ಮನೆಯವರ ತಲೆಗೆ. ಜೊತೆಗೆ ಅಲ್ಲಿ ರಸ್ತೆಯ ಬಲಬದಿ ಸಂಚಾರ. ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪ್, ಬಸ್ಸು, ಸೈಕಲ್ಲು ಇವೆ, ಊರು ಸಮತಟ್ಟು. ಕಾಲೂರು ಏರಿನಲ್ಲಿ ಬೈಕು ಓಡಿಸಿದ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು.

ವಿಮೆ ಕೊಳ್ಳುವಾಗ ‘ಸ್ವಯಂಸೇವಾ ಕೆಲಸಕ್ಕೂ ಅನ್ವಯವೇ’ ಎಂದು ಕೇಳಿ, ಒಪ್ಪಿಗೆ ಇಮೇಲ್‌ನಲ್ಲಿ ಬರಲಿ. ತುರ್ತು ಸಂಖ್ಯೆಗಳು: ಪೊಲೀಸ್ 113, ಅಗ್ನಿಶಾಮಕ 114, ಆಂಬುಲೆನ್ಸ್ 115. ಭಾರತದ ರಾಯಭಾರ ಕಚೇರಿ ಹನೋಯ್‌ನಲ್ಲಿ, ಕಾನ್ಸುಲೇಟ್ ಹೊ ಚಿ ಮಿನ್ ನಗರದಲ್ಲಿದೆ.

ಹಂತ 7: ಬ್ಯಾಗು ಕಟ್ಟುವ ಮೊದಲು ಬ್ಯಾಗು ಜಾಡಿಸಿ

ಕೋವಿ ಇರುವ ಮನೆಯವರು ಇದನ್ನು ಎರಡು ಸಲ ಓದಿ. ತೋಟಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಒಯ್ದ ಬ್ಯಾಗು, ಜಾಕೆಟ್‌ನ ಒಳಜೇಬಿನಲ್ಲಿ ಒಂದು ತೋಟಾ (ಕೋವಿಯ ಗುಂಡು), ಅದರ ಖಾಲಿ ಕೇಸಾದರೂ ಸರಿ, ಉಳಿದಿದ್ದರೆ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಾಣುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಕೋವಿ ಪರವಾನಗಿ ವಿನಾಯಿತಿ ವಿಮಾನದೊಳಗೆ ತೋಟಾ ಒಯ್ಯಲು ಅನ್ವಯಿಸುವುದಿಲ್ಲ. ವಿಮಾನ ತಪ್ಪುತ್ತದೆ, ಠಾಣೆಯಲ್ಲಿ ದಿನ ಹೋಗುತ್ತದೆ. ಹೊಸ ಬ್ಯಾಗು ಕೊಳ್ಳುವುದೇ ಅಗ್ಗ.

ಸಾಂಸ್ಕೃತಿಕ ಸಂಜೆಗೆಂದು ಕುಪ್ಯ (ಕೊಡವ ನಿಲುವಂಗಿ), ಚೇಲೆ (ಸೊಂಟಪಟ್ಟಿ), ಕೊಡವ ಸೀರೆ ಒಯ್ಯಿರಿ. ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿ ಮನೆಯಲ್ಲೇ ಇರಲಿ. ವಿಯೆಟ್ನಾಂನಲ್ಲಿ ಆಯುಧದ ಕಾನೂನು ಬಿಗಿಯಿದೆ, ಬೆಳ್ಳಿಯ ಒರೆ ಎಂದು ಕಸ್ಟಮ್ಸ್‌ನವರಿಗೆ ವಿವರಿಸುತ್ತ ನಿಲ್ಲುವುದು ಬೇಡ. ಅಡುಗೆಗೆ ಹಾಕುವ ಗಟ್ಟಿ ಹುಳಿರಸ ಕಾಚಂಪುಳಿಯನ್ನು 100 ಮಿಲಿಯ ಪ್ಲಾಸ್ಟಿಕ್ ಬಾಟಲಿಯಲ್ಲಿ, ಬಾಯಿಗೆ ಟೇಪು ಸುತ್ತಿ, ಎರಡು ಜಿಪ್ ಚೀಲದೊಳಗೆ ಹಾಕಿ ಚೆಕ್‌ಇನ್ ಬ್ಯಾಗಿಗೆ ಸೇರಿಸಿ. ಆ ಕಪ್ಪು ದ್ರವ ಬಟ್ಟೆಗೆ ಸೋರಿದರೆ ಕಲೆ ಹೋಗುವುದಿಲ್ಲ. ಒಣಮಾಂಸ ಬೇಡ. ಎರಡು ಪಿನ್ನಿನ ನಮ್ಮ ಚಾರ್ಜರು ಅಲ್ಲಿನ ಬಹುತೇಕ ಪ್ಲಗ್ಗಿಗೆ ಹೊಂದುತ್ತದೆ. ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಹಂತ 8: ಘಟ್ಟ ಇಳಿಯುವುದು

ವಿರಾಜಪೇಟೆಯವರಿಗೆ ಕಣ್ಣೂರು ವಿಮಾನ ನಿಲ್ದಾಣ ಹತ್ತಿರವಾದರೂ ಅಲ್ಲಿನ ವಿದೇಶಿ ವಿಮಾನಗಳು ಕೊಲ್ಲಿ ದೇಶಗಳಿಗೆ. ಬೆಂಗಳೂರು ಅಥವಾ ಕೊಚ್ಚಿಯಿಂದ ಹೊ ಚಿ ಮಿನ್, ಬ್ಯಾಂಕಾಕ್, ಸಿಂಗಾಪುರ, ಕೌಲಾಲಂಪುರದಂಥ ಊರಿನಲ್ಲಿ ಒಮ್ಮೆ ವಿಮಾನ ಬದಲಿಸಿ ಹೋಗುವುದು ರೂಢಿ. ಮಳೆಗಾಲದಲ್ಲಿ ಹೊರಡುವವರು ಮಾಕುಟ್ಟ ಘಾಟಿಯನ್ನೂ ಸಂಪಾಜೆ ಘಾಟಿಯನ್ನೂ ನಂಬಿ ಟಿಕೆಟ್ ಮಾಡಬಾರದು, ಒಂದು ಗುಡ್ಡ ಜಾರಿದರೆ ದಾರಿ ಮುಚ್ಚಿತು. ಹಿಂದಿನ ದಿನವೇ ಕುಶಾಲನಗರದ ಕಡೆಯಿಂದ ಮೈಸೂರಿಗೆ ಇಳಿದು, ಅಲ್ಲಿಂದ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿದರೆ ಬೆಂಗಳೂರು ಪೇಟೆಯೊಳಗೆ ಸಿಲುಕದೆ ದೇವನಹಳ್ಳಿ ಮುಟ್ಟಬಹುದು.

ಹಂತ 9: ಮೊದಲ ವಾರ

ಡಾ ನಾಂಗ್ ವಿಮಾನ ನಿಲ್ದಾಣ ಊರೊಳಗೇ ಇದೆ, ಪೇಟೆಗೆ ಮೂರ್ನಾಲ್ಕು ಕಿಲೋಮೀಟರ್. ಮನೆಯೊಂದರಲ್ಲಿ ಉಳಿಯುವುದಾದರೆ ನಿಮ್ಮ ವಾಸದ ಮಾಹಿತಿಯನ್ನು ಮನೆಯವರು ಪೊಲೀಸರಿಗೆ ನೀಡಬೇಕು, ಇದು ಅಲ್ಲಿನ ಕಡ್ಡಾಯ ನಿಯಮ. ಹೋಟೆಲುಗಳು ತಾವೇ ಮಾಡುತ್ತವೆ, ಮನೆಗಳಲ್ಲಿ ಮರೆಯುತ್ತಾರೆ. ಇಳಿದ ದಿನವೇ ನೆನಪಿಸಿ.

ಕೆಲಸದಲ್ಲಿ ಮೊದಲ ವಾರ ಸಲಹೆ ಕೊಡಬೇಡಿ. ಯಾರು ಯಾವಾಗ ಬರುತ್ತಾರೆ, ಕೀಲಿ ಯಾರ ಬಳಿ, ಯಾವ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅಲ್ಲಿ ಮುಖದ ಮೇಲೆ ‘ಇಲ್ಲ’ ಎನ್ನುವುದು ಕಡಿಮೆ. ನಗುತ್ತ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದು ತಿಳಿಯಿರಿ. ನಮ್ಮಲ್ಲೂ ಇದೇನು ಹೊಸದಲ್ಲ.

ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ, ಪುಸ್ತಕ ನೋಡಿ ಕಲಿಯಲಾಗದು. ‘ಸಿನ್ ಚಾವ್’ ನಮಸ್ಕಾರ, ‘ಕಾಮ್ ಅನ್’ ಧನ್ಯವಾದ. ತನಗಿಂತ ಸ್ವಲ್ಪ ಹಿರಿಯ ಗಂಡಸಿಗೆ ‘ಆನ್’, ಹೆಂಗಸಿಗೆ ‘ಚಿ’, ಕಿರಿಯರಿಗೆ ‘ಎಮ್’ ಎಂದು ಸಂಬಂಧ ಹಚ್ಚಿಯೇ ಮಾತು ಶುರುವಾಗಬೇಕು. ಅದಕ್ಕೇ ಮೊದಲ ಭೇಟಿಯಲ್ಲೇ ವಯಸ್ಸು ಕೇಳುತ್ತಾರೆ, ಬೇಸರಿಸಬೇಡಿ.

ಹಂತ 10: ಮನೆ, ಅಡುಗೆ, ಹಿರಿಯರು

ಸಂಸ್ಕೃತಿ ತಿಳಿಯಬೇಕಿದ್ದರೆ ಹಾಸ್ಟೆಲ್ ಬಿಟ್ಟು ಒಂದು ಕುಟುಂಬದೊಂದಿಗೆ ಉಳಿಯಿರಿ. ನಡುಮನೆಯಲ್ಲಿ ಎತ್ತರದ ಪೀಠ, ಅದರ ಮೇಲೆ ತೀರಿಕೊಂಡ ಹಿರಿಯರ ಫೋಟೊ, ಹಣ್ಣು, ಊದುಬತ್ತಿಯ ಬಟ್ಟಲು ಇರುತ್ತದೆ. ನೆಲ್ಲಕ್ಕಿ ನಡುಬಾಡೆಯಲ್ಲಿ (ಕೊಡವ ಮನೆಯ ನಡುಕೋಣೆ) ದೀಪ ಹಚ್ಚಿ ಕಾರೋಣರಿಗೆ (ಮನೆತನದ ಗತಿಸಿದ ಹಿರಿಯರು) ಮೀದಿ (ಎಡೆ) ಇಡುವ ಮನೆಯಿಂದ ಹೋದವರಿಗೆ ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡಬೇಕಿಲ್ಲ. ಪೀಠದತ್ತ ಕಾಲು ಚಾಚುವುದು, ಕೇಳದೆ ಫೋಟೊ ತೆಗೆಯುವುದು, ಅದರ ಮೇಲೆ ಬ್ಯಾಗು ಇಡುವುದು ತಪ್ಪು. ಹಿರಿಯರ ತಿಥಿ ‘ಝೋ’ಗೆ ಕರೆದರೆ ಹಣ್ಣು ಒಯ್ಯಿರಿ, ಎರಡೂ ಕೈಯಿಂದ ಕೊಡಿ. ಪೀಠದ ಮೇಲಿಟ್ಟ ಅಡುಗೆ ಇಳಿಸುವವರೆಗೆ ಯಾರೂ ಮುಟ್ಟುವುದಿಲ್ಲ. ಅನ್ನದ ಬಟ್ಟಲಿನಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಊರಬೇಡಿ, ಅದು ಸತ್ತವರಿಗೆ ಹಚ್ಚಿದ ಊದುಬತ್ತಿಯಂತೆ ಕಾಣುತ್ತದೆ.

ತಿಂದು ಬರುವುದಷ್ಟೇ ಅಲ್ಲ, ಬಡಿಸಿಯೂ ಬನ್ನಿ. ನಮ್ಮ ಹಂದಿಮಾಂಸದ ಪಂದಿಕರಿ ಅಲ್ಲಿ ಸಲೀಸಾಗಿ ಮಾಡಬಹುದು. ಮಾರುಕಟ್ಟೆಯಲ್ಲಿ ‘ಬಾ ಚೀ’ ಎಂದರೆ ಪದರ ಪದರ ಕೊಬ್ಬಿರುವ ಹೊಟ್ಟೆಯ ಭಾಗ ಕೊಡುತ್ತಾರೆ. ಒಂದು ಕಿಲೋಗೆ ಉಪ್ಪು, ಅರಿಸಿನ, ಖಾರದಪುಡಿ ಸವರಿ ಅರ್ಧ ಗಂಟೆ ಬಿಡಿ. ಕಾಲು ಕಿಲೋ ಈರುಳ್ಳಿ, ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ನಾಲ್ಕು ಹಸಿಮೆಣಸು ಜಜ್ಜಿ ಸೇರಿಸಿ, ಒಂದು ಲೋಟ ನೀರಿನಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಕೊಬ್ಬು ತಾನೇ ಬಿಡುತ್ತದೆ, ಎಣ್ಣೆ ಬೇಡ. ಕಪ್ಪಗೆ ಹುರಿದ ಕರಿಮೆಣಸು, ಕೊತ್ತಂಬರಿ, ಜೀರಿಗೆ, ಸಾಸಿವೆ, ಚಿಟಿಕೆ ಮೆಂತ್ಯದ ಪುಡಿ ಎರಡು ದೊಡ್ಡ ಚಮಚ ಆಮೇಲೆ. ಈ ಪುಡಿಯನ್ನು ಊರಿನಲ್ಲೇ ಹುರಿದು ಮೊಹರು ಮಾಡಿದ ಪೊಟ್ಟಣದಲ್ಲಿ ಒಯ್ಯಿರಿ, ಕಿಟಕಿ ಚಿಕ್ಕದಿರುವ ಅಪಾರ್ಟ್‌ಮೆಂಟಿನಲ್ಲಿ ಮಸಾಲೆ ಕರಟಿಸಿದರೆ ಇಡೀ ಮಹಡಿ ಕೆಮ್ಮುತ್ತದೆ. ಕೊನೆಗೆ ಒಂದು ದೊಡ್ಡ ಚಮಚ ಕಾಚಂಪುಳಿ, ಐದು ನಿಮಿಷ ಕುದಿ. ನೂಪುಟ್ಟಿನ (ನಮ್ಮ ಒತ್ತುಶಾವಿಗೆ) ಜಾಗಕ್ಕೆ ಅವರ ‘ಬೂನ್’ ಅಕ್ಕಿಶಾವಿಗೆ ಚೆನ್ನಾಗಿ ಹೊಂದುತ್ತದೆ. ಖಾರದಪುಡಿ ಮಾತ್ರ ಊರಿನ ಅಳತೆಯ ಅರ್ಧ ಹಾಕಿ.

ಸಸ್ಯಾಹಾರಿಗಳಾದ ಅಮ್ಮಕೊಡವರು, ಸೋಮವಾರಪೇಟೆ ಕಡೆಯ ಲಿಂಗಾಯತರು ಎಚ್ಚರ ವಹಿಸಬೇಕು. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ನಗರದ ಉತ್ತರದ ನಾಮ್ ಓ ಹಳ್ಳಿಯೇ ಆ ಸಾಸ್‌ಗೆ ಹೆಸರುವಾಸಿ. ‘ಮಾಂಸ ಬೇಡ’ ಎಂದರೆ ಸಾಲದು, ‘ಆನ್ ಚಾಯ್’ ಎನ್ನಿ. ‘ಚಾಯ್’ ಬೋರ್ಡಿನ ಹೋಟೆಲುಗಳು ಬೌದ್ಧ ಸಸ್ಯಾಹಾರದವು. ಚಾಂದ್ರಮಾನ ತಿಂಗಳ 1 ಮತ್ತು 15ರಂದು ಅಲ್ಲಿನ ಅನೇಕರು ತಾವೇ ಮಾಂಸ ಬಿಡುವುದರಿಂದ ಆ ದಿನ ಎಲ್ಲೆಡೆ ಸಿಗುತ್ತದೆ.

ಕಾಫಿಯ ವಿಷಯದಲ್ಲಿ ನಮ್ಮವರು ವಾದಕ್ಕೆ ಇಳಿಯುವುದುಂಟು. ಜಗತ್ತಿನಲ್ಲಿ ಅತಿ ಹೆಚ್ಚು ರೊಬಸ್ಟಾ ಬೆಳೆಯುವವರು ಅವರು, ನೆರಳಿಲ್ಲದ ಬಯಲಿನಲ್ಲಿ ಬೆಳೆಯುವುದೇ ಹೆಚ್ಚು. ಕಡು ಹುರಿದ ಪುಡಿ 20–25 ಗ್ರಾಂ, ‘ಫಿನ್’ ಎಂಬ ತಗಡಿನ ಸೋಸುಕದಲ್ಲಿ ಹಾಕಿ, ಮೊದಲು ಎರಡು ಚಮಚ ಬಿಸಿನೀರು, ಅರ್ಧ ನಿಮಿಷ ಬಿಟ್ಟು ಉಳಿದ ನೀರು, ಕೆಳಗೆ ಗಟ್ಟಿ ಸಿಹಿಹಾಲು. ಐದು ನಿಮಿಷ ತೊಟ್ಟಿಕ್ಕಬೇಕು. ಬೇಗ ಇಳಿದರೆ ಪುಡಿಯ ಮೇಲಿಡುವ ಒತ್ತುತಟ್ಟೆ ಸಡಿಲವಾಗಿದೆ, ನೀರು ನಿಂತೇಬಿಟ್ಟರೆ ಪುಡಿ ತೀರಾ ನಯ.

ಹಂತ 11: ರಜೆಯ ದಿನ

ಹಿಂದಿನ ಚಂಪಾ ರಾಜ್ಯದ ಚಾಮ್ ಜನರ ಶಿಲ್ಪಗಳ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ. ನಂತರ ಸುಮಾರು 70 ಕಿಲೋಮೀಟರ್ ದೂರದ ಮೀ ಸೊನ್. ನಾಲ್ಕನೇ ಶತಮಾನದಿಂದ ಚಂಪಾ ಅರಸರು ಅಲ್ಲಿ ಶಿವನಿಗೆ ಇಟ್ಟಿಗೆ ಗುಡಿಗಳನ್ನು ಕಟ್ಟಿಸಿದರು, ಶಾಸನಗಳಲ್ಲಿ ಸಂಸ್ಕೃತವಿದೆ. ಭಾರತೀಯ ಪುರಾತತ್ವ ಇಲಾಖೆಯವರು ಅಲ್ಲಿ ಗುಡಿಗಳ ದುರಸ್ತಿ ಮಾಡುತ್ತಿದ್ದಾಗ, 2020ರ ಮೇ ತಿಂಗಳಲ್ಲಿ, ಏಕಶಿಲೆಯ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಮುಟ್ಟಿದರೆ ಬಸ್ಸುಗಳ ಗದ್ದಲಕ್ಕೆ ಮೊದಲು ನೋಡಬಹುದು. ಹೋಯ್ ಆನ್‌ನಲ್ಲಿ ಸಂಜೆ ನಡೆಯುವ ‘ಬಾಯ್ ಚೋಯ್’ ಹಾಡಿನ ಆಟ ಯುನೆಸ್ಕೊ ಪಟ್ಟಿಗೆ 2017ರಲ್ಲಿ ಸೇರಿತು, ಕೂತು ಒಂದು ಚೀಟಿ ಕೊಂಡು ಆಡಿ. ಬೆಂಕಿ ಉಗುಳುವ 666 ಮೀಟರ್‌ನ ಡ್ರ್ಯಾಗನ್ ಸೇತುವೆ ಒಮ್ಮೆ ಕಂಡರೆ ಸಾಕು.

ಮಾನ್ ಥಾಯ್ ತೀರಕ್ಕೆ ಬೆಳಗಿನ ಐದಕ್ಕೆ ಹೋಗಿ. ಬಿದಿರು ಹೆಣೆದು ಸಗಣಿ, ಮರದಂಟು ಬಳಿದ ದುಂಡು ದೋಣಿಗಳು, ನೋಡಲು ನಮ್ಮ ಹರಿಗೋಲಿನಂತೆಯೇ, ಅಲೆಯ ಮೇಲಿಂದ ದಡಕ್ಕೆ ಬರುತ್ತವೆ. ಹೆಂಗಸರು ಮರಳಿನ ಮೇಲೇ ಮೀನು ವಿಂಗಡಿಸಿ ಚೌಕಾಸಿಗೆ ನಿಲ್ಲುತ್ತಾರೆ. ಬುಟ್ಟಿ ಎತ್ತಲು ಕೈ ಕೊಟ್ಟರೆ ಬೇಡವೆನ್ನುವುದಿಲ್ಲ. ಫೋನು ಎತ್ತಿದರೆ ಮುಖ ತಿರುಗಿಸುತ್ತಾರೆ.

ಕಡಲಿಗೆ ಇಳಿಯುವಾಗ ಕಾವೇರಿಯ ಈಜು ನಂಬಬೇಡಿ. ಮೀ ಖೆ ತೀರದಲ್ಲಿ ದಡದಿಂದ ಒಳಕ್ಕೆಳೆಯುವ ಸೆಳೆತಗಳಿವೆ. ಅಲೆ ಒಡೆಯದೆ ನೀರು ನಯವಾಗಿ ಕಾಣುವ ಪಟ್ಟಿಯೇ ಹಲವು ಸಲ ಅಪಾಯದ ಜಾಗ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಿ. ರಕ್ಷಕರಿರುವ ವೇಳೆಯಲ್ಲಿ, ಬಾವುಟಗಳ ನಡುವೆ ಮಾತ್ರ ಇಳಿಯಿರಿ.

ಹಂತ 12: ಹೊರಡುವಾಗ

ಕೊನೆಯ ವಾರ ಹೊಸ ಕೆಲಸ ಹಿಡಿಯಬೇಡಿ. ನೀವು ಮಾಡುತ್ತಿದ್ದುದನ್ನು ಮುಂದಿನವರು ಮಾಡಲು ಬೇಕಾದಷ್ಟು ಎರಡು ಪುಟದಲ್ಲಿ ಬರೆದು, ಅಲ್ಲಿನ ಒಬ್ಬರು ಅದನ್ನು ನೋಡಿ ಮಾಡಿ ತೋರಿಸುವವರೆಗೆ ಜೊತೆಗಿರಿ. ಫೈಲು, ಪಾಸ್‌ವರ್ಡು, ಕೀಲಿ ಒಪ್ಪಿಸಿ. ಮಕ್ಕಳ, ರೋಗಿಗಳ ಫೋಟೊ ನಿಮ್ಮ ಫೋನಿನಿಂದ ಅಳಿಸಿ. ವೀಸಾದ ಕೊನೆಯ ದಿನ ಮತ್ತು ವಿಮಾನದ ದಿನದ ನಡುವೆ ಎರಡು ಮೂರು ದಿನ ಅಂತರವಿರಲಿ, ವಿಮಾನ ರದ್ದಾದರೆ ಅವಧಿ ಮೀರಿದ ದಂಡ ನಿಮ್ಮದಾಗುತ್ತದೆ.

ತೋಟದವರಿಗೆ ಒಂದು ಆಸೆ ಇದ್ದೇ ಇರುತ್ತದೆ: ಅಲ್ಲಿನ ಕಾಫಿಯ ಹಸಿ ಬೀಜ ಒಂದು ಹಿಡಿ, ಮೆಣಸಿನ ಬಳ್ಳಿಯ ಎರಡು ಕಡ್ಡಿ ತಂದು ನೆಟ್ಟು ನೋಡೋಣ ಎಂದು. ತರಬೇಡಿ. ನೆಡುವ ಬೀಜ, ಸಸಿ, ಕಡ್ಡಿಗಳನ್ನು ಆಮದು ಪರವಾನಗಿ ಇಲ್ಲದೆ ಒಳತರುವುದನ್ನು 2003ರ ಸಸ್ಯ ಸಂಪರ್ಕತಡೆ ಆದೇಶ ನಿಷೇಧಿಸಿದೆ. ಕಾಯಿಕೊರಕ ಹುಳ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ, ಅಲ್ಲಿಂದ ನಮ್ಮ ತೋಟಗಳಿಗೆ ಬರಲು ತಡವಾಗಲಿಲ್ಲ. ಹುರಿದ ಬೀಜ, ಪುಡಿ, ಫಿನ್ ಸೋಸುಕ ಎಷ್ಟು ಬೇಕಾದರೂ ತನ್ನಿ. ಕೆಲಸದಲ್ಲಿ ಮಣ್ಣು ಮೆಟ್ಟಿದ ಬೂಟುಗಳ ಅಡಿಯನ್ನು ಅಲ್ಲೇ ಬ್ರಷ್ ಹಾಕಿ ತೊಳೆದು, ಒಣಗಿಸಿ ಬ್ಯಾಗಿಗೆ ಹಾಕಿ.